ಇಪ್ಪತ್ತು ವರ್ಷ ಕೇಳದೇ ಬಿಟ್ಟ ಸಿಡಿ

ಹೋದ ವರ್ಷ ಒಂದು ಶನಿವಾರ ಮಗಳನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಓಕ್‌ಲ್ಯಾಂಡ್‌ಗೆ ಹೊರಟಿದ್ದೆ. ಅವಳಿಗೆ ಹದಿನೈದು. ಲೇಕ್ ಮೆರಿಟ್ ಹತ್ತಿರ ಗೆಳತಿಯರು ಸೇರುವವರಿದ್ದರು. ನನ್ನ ಕಾರು ಹಳೆಯದು, ಸಿಡಿ ಪ್ಲೇಯರ್ ಇನ್ನೂ ಇದೆ. ಸಹೋದ್ಯೋಗಿಯೊಬ್ಬ ಬೇರೆ ಊರಿಗೆ ಹೋಗುವಾಗ ಕೊಟ್ಟಿದ್ದ ಒಂದು ಡಬ್ಬ ಸಿಡಿಗಳು ಹಿಂದಿನ ಸೀಟಿನಲ್ಲಿದ್ದವು. 880 ಹೆದ್ದಾರಿ ಹತ್ತಿದ ಮೇಲೆ ಮಗಳು ಅದರಿಂದ ಕೈಗೆ ಸಿಕ್ಕಿದ್ದೊಂದನ್ನು ತೆಗೆದು ಹಾಕಿದಳು. ಕವರ್ ಮೇಲೆ ಉರಿಯುತ್ತಿರುವ ಒಂದು ಗ್ಲಾಸು.

"ಯಾರದು ಪುಟ್ಟಿ?"

"ದಿ ಕೂ ಅಂತೆ. ಪಾರ್ಟಿ ಮ್ಯೂಸಿಕ್."

ಹೆಸರು ಕೇಳಿದ ಕೂಡಲೇ ನನ್ನ ಕೈ ಬಟನ್ ಕಡೆ ಹೋಯಿತು. ದಿ ಕೂ ಅಂದರೆ ಓಕ್‌ಲ್ಯಾಂಡ್‌ನ ಒಂದು ಹಿಪ್‌ಹಾಪ್ ತಂಡ, ಪಾರ್ಟಿ ಮ್ಯೂಸಿಕ್ ಅವರ ಆಲ್ಬಮ್. ಆ ಆಲ್ಬಮ್ ನನಗೆ ಗೊತ್ತಿತ್ತು. ಒಂದು ಹಾಡನ್ನೂ ಕೇಳಿರಲಿಲ್ಲ, ಆದರೂ ಗೊತ್ತಿತ್ತು. ಈ ಗ್ಲಾಸಿನ ಚಿತ್ರವನ್ನಲ್ಲ, ಅದಕ್ಕೂ ಮುಂಚೆ ಕವರ್‌ಗೆಂದು ಮಾಡಿದ್ದ ಚಿತ್ರವನ್ನು ನಾನು ನೋಡಿದ್ದೆ.

2001ರ ಸೆಪ್ಟೆಂಬರ್. ನಾನು ಅಮೆರಿಕಕ್ಕೆ ಬಂದು ಒಂದು ವರ್ಷವಾಗಿತ್ತಷ್ಟೆ. ದಾಳಿಯಾಗಿ ಕೆಲವು ದಿನಗಳಾಗಿದ್ದಾಗ ಆಫೀಸಿನ ಈಮೇಲ್‌ನಲ್ಲಿ ಯಾರೋ ಒಂದು ಚಿತ್ರ ಕಳಿಸಿದರು. ವರ್ಲ್ಡ್ ಟ್ರೇಡ್ ಸೆಂಟರ್‌ನ ಎರಡೂ ಗೋಪುರಗಳು ಸಿಡಿಯುತ್ತಿವೆ. ಮುಂದೆ ಆ ತಂಡದ ಇಬ್ಬರು ನಿಂತಿದ್ದಾರೆ. ಹಾಡುಗಾರ ಬೂಟ್ಸ್ ರೈಲಿಯ ಕೈಯಲ್ಲಿ ಬಾಂಬ್ ಸಿಡಿಸುವ ರಿಮೋಟ್ ಥರದ್ದು ಏನೋ ಇದೆ. ಪಕ್ಕದಲ್ಲಿ ಡಿಜೆ ಪ್ಯಾಮ್ ದಿ ಫಂಕ್‌ಸ್ಟ್ರೆಸ್, ಆರ್ಕೆಸ್ಟ್ರಾ ನಡೆಸುವವರ ಕೋಲು ಹಿಡಿದು. ಆ ವಾರ ಸುಮಾರು 3000 ಜನ ಸತ್ತಿದ್ದರು. ನನಗೆ ಹೊಟ್ಟೆ ತೊಳಸಿದಂತಾಯಿತು. ಇಂಥವರ ಹಾಡು ಜನ್ಮದಲ್ಲಿ ಕೇಳಲ್ಲ ಅಂದುಕೊಂಡೆ.

ಆ ಚಿತ್ರ ದಾಳಿಗೆ ತಿಂಗಳುಗಳ ಮೊದಲೇ ತಯಾರಾಗಿತ್ತು. ಬೂಟ್ಸ್ ಕೈಯಲ್ಲಿದ್ದದ್ದು ಗಿಟಾರ್ ಶ್ರುತಿ ಮಾಡುವ ಟ್ಯೂನರ್. ಸಂಗೀತ ಬಂಡವಾಳಶಾಹಿಯನ್ನು ಕೆಡವುತ್ತೆ ಅನ್ನೋ ಅರ್ಥದಲ್ಲಿ ಮಾಡಿದ್ದು. ದಾಳಿಯ ನಂತರ ಅದನ್ನು ಹಿಂದಕ್ಕೆ ಪಡೆದರು. ನವೆಂಬರ್‌ನಲ್ಲಿ ಬೇರೆ ಕವರ್ ಹಾಕಿ ಆಲ್ಬಮ್ ತಂದರು. ಇದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಗೊತ್ತಾದ ಮೇಲೂ ಕೇಳಲಿಲ್ಲ. ಒಮ್ಮೆ ಮುಚ್ಚಿದ ಬಾಗಿಲು ಮುಚ್ಚಿಯೇ ಇತ್ತು.

"ಯಾಕಪ್ಪ, ಆಫ್ ಮಾಡ್ತೀಯಾ?"

ಏನು ಹೇಳಲಿ? ಕೈ ಹಿಂದಕ್ಕೆ ತೆಗೆದೆ.

ಮೊದಲು ಹಿಡಿದದ್ದು ಬೇಸ್. ಡ್ರಮ್ಮಿನ ಜೊತೆ ಅದು ಹೊರಳುತ್ತಾ ಹೋಗುವ ರೀತಿಗೆ ಮಗಳ ಮೊಣಕಾಲು ತಾನಾಗಿ ಕುಣಿಯತೊಡಗಿತು. ಇದು ನಿಜವಾಗಿಯೂ ಪಾರ್ಟಿಯ ಸಂಗೀತವೇ. ಬೈಗುಳಗಳಿದ್ದವು. ಪಕ್ಕದಲ್ಲಿ ಮಗಳಿದ್ದಳಲ್ಲ, ಎರಡು ಮೂರು ಸಲ ಮುಜುಗರವಾಯಿತು. ಅವಳು ಶಾಲೆಯಲ್ಲಿ ಇದಕ್ಕಿಂತ ಜಾಸ್ತಿ ಕೇಳಿರುತ್ತಾಳೆ ಅಂತ ಸುಮ್ಮನಾದೆ.

ಸಿಇಒನನ್ನು ಕೊಲ್ಲಲು ಐವತ್ತು ಲಕ್ಷ ದಾರಿಗಳಿವೆ ಅನ್ನುವ ಹಾಡು ಬಂತು. ಹೆಸರು ಕೇಳಿದರೆ ಯಾರಿಗಾದರೂ ಗಾಬರಿಯಾಗುತ್ತೆ. ಆದರೆ ಅದರಲ್ಲಿರುವ ಉಪಾಯಗಳೇನು? ನೋಟನ್ನು ಹೊಳೆಗೆ ಎಸೆ, ಹಿಂದೆಯೇ ಹಾರುತ್ತಾನೆ. ಕುದಿಯುವ ಎಣ್ಣೆಗೆ ಎಸೆ, ಅಲ್ಲಿಗೂ ಹಾರುತ್ತಾನೆ. ದುರಾಸೆಯೇ ಅವನನ್ನು ಮುಳುಗಿಸುತ್ತೆ ಅನ್ನೋದು ಮಾತು. ಮಗಳು ಜೋರಾಗಿ ನಕ್ಕಳು. ನನಗೆ 2001 ಪೂರ್ತಿ ನೆನಪಾಯಿತು. ಡಾಟ್‌ಕಾಮ್ ಗುಳ್ಳೆ ಒಡೆದು ಇಂಟರ್ನೆಟ್ ಕಂಪನಿಗಳು ಮುಳುಗುತ್ತಿದ್ದ ಕಾಲ. ನಾನಿದ್ದ ಕಂಪನಿಯಲ್ಲಿ ಒಂದು ಶುಕ್ರವಾರ ನಮ್ಮ ಸಾಲಿನ ಅರ್ಧ ಜನರ ಬ್ಯಾಡ್ಜ್ ಕಿತ್ತುಕೊಂಡರು. ಎಚ್1ಬಿ ಮೇಲೆ ಬಂದವರಿಗೆ ಕೆಲಸ ಹೋದರೆ ವೀಸಾಕ್ಕೂ ಕುತ್ತು. ಗೆಳೆಯನೊಬ್ಬ ಇನ್ನೂ ಬಿಚ್ಚದ ಮಂಚದ ಪೆಟ್ಟಿಗೆಯನ್ನು ಅಂಗಡಿಗೆ ವಾಪಸ್ ಕೊಟ್ಟು ಊರಿಗೆ ಹೋದ. ಆವತ್ತು ನನಗಾದ ಸಿಟ್ಟನ್ನು ಯಾರ ಮೇಲೆ ತೋರಿಸಬೇಕು ಅಂತಲೇ ಗೊತ್ತಾಗಿರಲಿಲ್ಲ. ಅದೇ ಸಿಟ್ಟಿಗೆ ಹೆಸರು ಕೊಟ್ಟವರು ಇಲ್ಲೇ, ಅರ್ಧ ಮುಕ್ಕಾಲು ಗಂಟೆಯ ದಾರಿಯಲ್ಲಿ ಹಾಡುತ್ತಿದ್ದರು.

ಓಕ್‌ಲ್ಯಾಂಡ್‌ನವರು ಹೀಗೆ ಹಾಡಿದರೆ ಆಶ್ಚರ್ಯವೇನಿಲ್ಲ. ಕರಿಯರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಾರ್ಟಿ 1966ರಲ್ಲಿ ಹುಟ್ಟಿದ ಊರು ಅದು. 1969ರಲ್ಲಿ ಅವರು ಅಲ್ಲಿನ ಒಂದು ಚರ್ಚಿನಲ್ಲಿ ಮಕ್ಕಳಿಗೆ ಉಚಿತ ತಿಂಡಿ ಕೊಡಲು ಶುರು ಮಾಡಿದರು. ಬಂದೂಕಿನ ಫೋಟೋ ಎಲ್ಲರಿಗೂ ನೆನಪಿದೆ, ತಿಂಡಿಯ ತಟ್ಟೆ ಕಡಿಮೆ ಜನಕ್ಕೆ.

ಲೇಕ್ ಮೆರಿಟ್ ಹತ್ತಿರ ಕಾರು ನಿಲ್ಲಿಸುವ ಹೊತ್ತಿಗೆ 'ವೇರ್ ಕ್ಲೀನ್ ಡ್ರಾಸ್' ನಡೆಯುತ್ತಿತ್ತು. ಬೂಟ್ಸ್ ತನ್ನ ಪುಟ್ಟ ಮಗಳಿಗೆ ಹೇಳುವ ಮಾತುಗಳು. ಯಾರಾದರೂ ಹೊಡೆದರೆ ತಿರುಗಿಸಿ ಹೊಡಿ, ಆಮೇಲೆ ರಾಜಿ ಮಾಡಿಕೋ. ಮನೆ ಆಟ ಆಡುವಾಗ ಗಂಡಸಿನ ಕೈಲೂ ಕಸ ಗುಡಿಸಿಸು. ರಾಜಕುಮಾರಿಯರು ಒಳ್ಳೆಯವರಲ್ಲ, ಅವರ ದುಡ್ಡೆಲ್ಲ ಜನರನ್ನು ಕೊಂದು ಬಂದದ್ದು ಅಂತ ನಿಮ್ಮ ಟೀಚರ್‌ಗೆ ಹೇಳು. ಜೊತೆಗೆ ದಿನಾ ತೊಳೆದ ಒಳಬಟ್ಟೆ ಹಾಕಿಕೋ, ಎಲ್ಲಾದರೂ ಬಿದ್ದು ಆಂಬುಲೆನ್ಸ್ ಬರುವ ಹಾಗಾದರೆ?

ಮಗಳು ಬಾಗಿಲು ತೆಗೆಯಲಿಲ್ಲ. ನಾನೂ ಎಂಜಿನ್ ಆರಿಸಲಿಲ್ಲ. ಅಮ್ಮಂದಿರು ಹೇಳುವಂಥ ಮಾತು ಅದು. ನನ್ನಮ್ಮನ ದನಿ ಕೇಳಿದಂತಾಯಿತು.

"ನೀನು ಯಾಕೆ ಮೊದಲು ಆಫ್ ಮಾಡೋಕೆ ಹೋದೆ?" ಅಂತ ಅವಳು ಮತ್ತೆ ಕೇಳಿದಳು.

ಚಿತ್ರದ ಬಗ್ಗೆ ಹೇಳಿದೆ. ಆಮೇಲೆ, ಅವಳಿಗೆ ಎಂದೂ ಹೇಳಿರದ ಇನ್ನೊಂದನ್ನೂ ಹೇಳಿದೆ. 2001ರಲ್ಲಿ ನನಗೆ ಗಡ್ಡವಿತ್ತು. ಸೆಪ್ಟೆಂಬರ್ 15ರಂದು ಅರಿಜೋನಾದ ಮೇಸಾದಲ್ಲಿ ಒಬ್ಬ ಸಿಖ್ಖರನ್ನು ಅವರದೇ ಗ್ಯಾಸ್ ಸ್ಟೇಷನ್ ಎದುರು ಗುಂಡಿಟ್ಟು ಕೊಂದರು. ಪೇಟ, ಗಡ್ಡ ನೋಡಿ ಕೊಂದರು. ಸುದ್ದಿ ಕೇಳಿ ಅಮ್ಮ ಫೋನ್ ಮಾಡಿದಳು. "ಗಡ್ಡ ತೆಗಿ ಮಗಾ. ಇಸ್ತ್ರಿ ಮಾಡಿದ ಷರ್ಟ್ ಹಾಕ್ಕೋ. ರಾತ್ರಿ ಆಚೆ ಹೋಗ್ಬೇಡ." ಆವತ್ತೇ ಬೋಳಿಸಿದೆ. ಆಮೇಲೆ ಎಂದೂ ಗಡ್ಡ ಬಿಡಲಿಲ್ಲ. ಆ ಈಮೇಲ್ ಬಂದದ್ದು ಆ ಹೊತ್ತಿನಲ್ಲೇ. ಆಫೀಸಿನಲ್ಲಿ ಎಲ್ಲರಿಗಿಂತ ಜೋರಾಗಿ ಆ ತಂಡವನ್ನು ಬೈದವನು ನಾನೇ. ನಾನು ಯಾರ ಕಡೆ ಅಂತ ಎಲ್ಲರಿಗೂ ಕೇಳಿಸಬೇಕಿತ್ತು.

ಆ ಚಿತ್ರ ಇವತ್ತಿಗೂ ನನಗೆ ನೋಡಲಾಗದು. ಆದರೆ ಆವತ್ತು ನನ್ನ ದನಿ ಏರಿಸಿದ್ದು ದುಃಖ ಒಂದೇ ಅಲ್ಲ, ಹೆದರಿಕೆ ಕೂಡ.

ಮಗಳು ನನ್ನ ಗಲ್ಲ ನೋಡಿದಳು. "ಫೋಟೋ ಇದೆಯಾ, ಗಡ್ಡದ್ದು?"

"ಅಜ್ಜಿ ಹತ್ರ ಇರಬಹುದು."

ಅವಳು ಫೋನ್ ತೆಗೆದು ಗೆಳತಿಯರಿಗೆ ಹತ್ತು ನಿಮಿಷ ತಡವಾಗುತ್ತೆ ಅಂತ ಬರೆದಳು. ಆಮೇಲೆ ಕೈ ಚಾಚಿ ಆ ಹಾಡನ್ನು ಮತ್ತೆ ಮೊದಲಿನಿಂದ ಹಾಕಿದಳು.