ಎರಡನೇ ಸೋಮವಾರ

2025 ಜೂನ್ 9, ಮೈಸೂರು

ಶುಕ್ರವಾರ ಮಗಳು ಶಾಲೆಗೆ ಅಳದೆ ಹೋಗಿದ್ದಳು. ಸದ್ಯ, ಅಭ್ಯಾಸ ಆಯ್ತು ಅಂದುಕೊಂಡಿದ್ದೆ. ಶನಿವಾರ ಬಕ್ರೀದ್ ರಜೆ, ನಿನ್ನೆ ಭಾನುವಾರ. ಎರಡೇ ದಿನ ಮನೆಯಲ್ಲಿದ್ದದ್ದು. ಇವತ್ತು ಗೇಟಿನ ಹತ್ತಿರ ನನ್ನ ವೇಲ್ ಹಿಡಿದವಳು ಬಿಡಲೇ ಇಲ್ಲ.

"ಅವಳು ಆ ಕಡೆ ನೋಡುವಾಗ ಹೊರಟುಬಿಡಿ ಮೇಡಂ" ಅಂದರು ಆಯಾ. ಹೋದ ವಾರವೂ ಹಾಗೇ ಮಾಡಿದ್ದೆ. ಇವತ್ತೂ ಅದನ್ನೇ ಮಾಡಿದೆ. ಸ್ಕೂಟರ್ ಸ್ಟಾರ್ಟ್ ಮಾಡುವಾಗ ಒಳಗಿಂದ ಅವಳ ಅಳು ಕೇಳಿಸಿತು.

ಸಂಜೆ ಸ್ನಾನಕ್ಕೆ ಹೋದರೆ ಬಾಗಿಲು ಬಡಿದಳು. "ಅಮ್ಮಾ, ಇದ್ದೀಯಾ?" ಇದ್ದೀನಿ ಕಂದಾ ಅಂದೆ. ಒಂದು ಚೊಂಬು ನೀರು ಸುರಿದುಕೊಳ್ಳುವಷ್ಟರಲ್ಲಿ ಮತ್ತೆ, "ಇದ್ದೀಯಾ?" ಬಾಗಿಲ ಕೆಳಗಿನ ಸಂದಿಯಲ್ಲಿ ನಾಲ್ಕು ಪುಟ್ಟ ಬೆರಳು ಕಾಣುತ್ತಿದ್ದವು. ನನಗೆ ಅಲ್ಲೇ ಅಳು ಬಂತು.

ಅಮ್ಮನಿಗೆ ಫೋನ್ ಮಾಡಿದೆ. ಟಿ. ನರಸೀಪುರದ ಕಡೆ ಅಂಗನವಾಡಿ ಟೀಚರ್ ಆಗಿದ್ದವಳು. ನಮ್ಮ ರಾಜ್ಯದಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾಗಿದ್ದೇ ಆ ತಾಲ್ಲೂಕಿನಲ್ಲಿ, 1975ರ ಅಕ್ಟೋಬರ್ 2ಕ್ಕೆ. ಅಮ್ಮನಿಗೆ ಅದೊಂದು ದೊಡ್ಡ ಹೆಮ್ಮೆ. ಅಳುವ ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹಾಡು ಹೇಳಿಸುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

"ಕದ್ದು ಬರ್ಬೇಡ ಕಣೇ" ಅಂದಳು. "ಅಳುತ್ತೆ, ಅಳಲಿ. ಎದುರಿಗೇ ಹೇಳಿ ಬಾ. ಹೇಳದೆ ಮಾಯವಾದ್ರೆ, ಇನ್ಯಾವಾಗ ಮಾಯವಾಗ್ತಾಳೋ ಅಂತ ನಿನ್ನನ್ನೇ ಕಾಯ್ಕೊಂಡು ಕೂತಿರುತ್ತೆ. ಆಟ ಎಲ್ಲಿ ಆಡುತ್ತೆ?"

"ಹನ್ನೆರಡೂವರೆಗೆ ಬರ್ತೀನಿ ಅಂತ ಮನೇಲೇ ಹೇಳಿರ್ತೀನಲ್ಲಮ್ಮ."

"ಅದಕ್ಕೇನು ಗಡಿಯಾರ ಗೊತ್ತಾ? ಡಬ್ಬಿ ತಿಂದು, ಹಾಡು ಹೇಳಿ, ಚಪ್ಪಲಿ ಹಾಕ್ಕೊಂಡ ಮೇಲೆ ಅಮ್ಮ ಬರ್ತಾಳೆ ಅನ್ನು. ಹೇಳಿದ ಹಾಗೇ ಹೋಗಿ ನಿಂತ್ಕೊ. ಐದು ನಿಮಿಷಾನೂ ತಡ ಮಾಡ್ಬೇಡ."

ಡಬ್ಬಿ ಅಂದಾಗ ನೆನಪಾಯ್ತು. ಮೂರು ದಿನದಿಂದ ಡಬ್ಬಿ ಹಾಗೇ ವಾಪಸ್ ಬರ್ತಿದೆ. ತಿನ್ನೋಕೆ ಹಟ ಅಂತ ಬೈದಿದ್ದೆ. ಫೋನ್ ಇಟ್ಟು, ಡಬ್ಬಿ ತಂದು ಕೈಗೆ ಕೊಟ್ಟೆ. ತೆಗಿ ನೋಡೋಣ ಅಂದೆ. ನಾಲ್ಕೂ ಕಡೆ ಲಾಕ್ ಇರುವ ಪ್ಲಾಸ್ಟಿಕ್ ಡಬ್ಬಿ. ಹೆಬ್ಬೆರಳ ತುದಿ ಬೆಳ್ಳಗಾಗುವವರೆಗೂ ಒತ್ತಿದಳು. ಬರಲಿಲ್ಲ. ಮಿಸ್‌ಗೆ ಕೇಳಬೇಕಿತ್ತು ಅಲ್ವಾ ಅಂದರೆ ತಲೆ ತಗ್ಗಿಸಿದಳು.

ಹಳೇ ಸ್ಟೀಲ್ ಡಬ್ಬಿ ಹುಡುಕಿ ಕೊಟ್ಟೆ. ಮುಚ್ಚಳ ಸ್ವಲ್ಪ ಸಡಿಲ. ಖಾಲಿ ಡಬ್ಬಿಯನ್ನೇ ಎಷ್ಟು ಸಲ ತೆಗೆದಳು, ಎಷ್ಟು ಸಲ ಮುಚ್ಚಿದಳು!

ಜುಲೈನಲ್ಲಿ ಹುಟ್ಟಿದವಳು. ಎಲ್‌ಕೆಜಿಗೆ ಜೂನ್ 1ಕ್ಕೆ ನಾಲ್ಕು ತುಂಬಿರಬೇಕು. ಹೋದ ವರ್ಷ ಒಂದೂವರೆ ತಿಂಗಳು ಕಮ್ಮಿ ಅಂತ ಸೀಟು ಸಿಗಲಿಲ್ಲ. ಒಂದು ವರ್ಷ ಸುಮ್ನೆ ಹಾಳಾಯ್ತು ಅಂತ ಎಷ್ಟು ಸಂಕಟಪಟ್ಟಿದ್ದೆ. ಈಗಲೇ ಹೀಗೆ. ಆಗಲೇ ಕಳಿಸಿದ್ದರೆ?

ನಿದ್ದೆ ಮಾಡಿದ್ದಾಳೆ. ವೇಲಿನ ತುದಿ ಇನ್ನೂ ಮುಷ್ಟಿಯಲ್ಲೇ ಇದೆ. ನಾಳೆ ಗೇಟಿನ ಹತ್ತಿರ ಹೇಳಬೇಕಾದ್ದನ್ನು ಮನಸ್ಸಲ್ಲೇ ಹೇಳಿಕೊಳ್ಳುತ್ತಿದ್ದೇನೆ. ಡಬ್ಬಿ, ಹಾಡು, ಚಪ್ಪಲಿ, ಆಮೇಲೆ ಅಮ್ಮ. ಚಪ್ಪಲಿ ಅಲ್ಲ, ಶೂ. ಅಯ್ಯೋ, ಶೂ ಅಲ್ಲಿ ಯಾರು ಹಾಕ್ತಾರೆ? ಅವಳಿಗೇ ಬರುತ್ತಾ ಅಂತ ನಾನು ನೋಡಲೇ ಇಲ್ಲ