ಮೈಸೂರಿನಲ್ಲಿ ನಮ್ಮದೆನ್ನುವ ಸಭೆಯೊಂದನ್ನು ಹುಡುಕುವಾಗ

ಹೊಸ ಊರಿಗೆ ಸಂಸಾರ ಸಮೇತ ಬಂದವರು ಮೊದಲು ಮನೆ ಹುಡುಕುತ್ತಾರೆ, ಆಮೇಲೆ ಮಕ್ಕಳಿಗೆ ಶಾಲೆ ಹುಡುಕುತ್ತಾರೆ. ಕ್ರೈಸ್ತ ಕುಟುಂಬವಾದರೆ ಭಾನುವಾರ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯೂ ಇವುಗಳ ಜೊತೆಗೇ ಸೇರಿಕೊಳ್ಳುತ್ತದೆ. ಯಜಮಾನರಿಗೆ ಹಾಸನದಿಂದ ಮೈಸೂರಿಗೆ ವರ್ಗವಾದಾಗ ಮನೆ ಬೇಗನೆ ಸಿಕ್ಕಿತು, ಮಗಳಿಗೆ ಶಾಲೆಯೂ ಸಿಕ್ಕಿತು. ಈ ಪ್ರಶ್ನೆಗೆ ಮಾತ್ರ ಉತ್ತರ ಸಿಗಲು ತಿಂಗಳುಗಳೇ ಹಿಡಿದವು. ಆ ಅವಧಿಯಲ್ಲಿ ನನಗೆ ಮನದಟ್ಟಾದ ಸಂಗತಿ ಇಷ್ಟೇ: ಭಾನುವಾರದ ಒಂದೂವರೆ ಗಂಟೆಯನ್ನು ನೋಡಿ ಸಭೆಯನ್ನು, ಅಂದರೆ ಕೂಡಿ ಆರಾಧಿಸುವ ಚರ್ಚಿನ ಸಮುದಾಯವನ್ನು, ಆರಿಸಿಕೊಳ್ಳಲಾಗದು. ವಾರದ ಉಳಿದ ಆರು ದಿನಗಳಲ್ಲಿ ಆ ಸಭೆಯವರು ನಮ್ಮ ಮನೆಯ ಬಾಗಿಲಿಗೆ ಬರಬಲ್ಲರೇ, ನಾವು ಅವರ ಬಾಗಿಲಿಗೆ ಹೋಗಬಲ್ಲೆವೇ ಎಂಬುದನ್ನು ನೋಡಬೇಕು.

ಮೈಸೂರಿನಲ್ಲಿ ಚರ್ಚ್ ಎಂದೊಡನೆ ಎಲ್ಲರೂ ಕೈತೋರಿಸುವುದು ಸಂತ ಫಿಲೋಮಿನಾ ಪ್ರಧಾನಾಲಯದ ಕಡೆಗೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1843ರಲ್ಲಿ, ಕಟ್ಟಲಾಗಿದ್ದ ಹಳೆಯ ಚರ್ಚಿನ ಜಾಗದಲ್ಲಿ ಈಗಿನ ಕಟ್ಟಡಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟರು. ನೂರೆಪ್ಪತ್ತೈದು ಅಡಿ ಎತ್ತರದ ಅದರ ಅವಳಿ ಗೋಪುರಗಳನ್ನು ನೋಡಲೆಂದೇ ಪ್ರವಾಸಿಗರು ಬರುತ್ತಾರೆ. ಪ್ರಾರ್ಥನೆಗೆ ಹೋಗುವವರು ಬೆಳಗಿನ ಬಲಿಪೂಜೆಯ (ಕಥೋಲಿಕರ ಮುಖ್ಯ ಆರಾಧನೆಯಾದ ಮಾಸ್‌ನ) ಹೊತ್ತಿಗೆ ಹೋಗಬೇಕು. ಆಗ ಆ ಎತ್ತರದ ಛಾವಣಿಯ ಕೆಳಗೆ ನಿಂತವರಿಗೆ ಇದು ಮೊದಲಿಗೆ ದೇವಾಲಯ, ನೋಡುವ ಜಾಗ ಎನ್ನುವುದೆಲ್ಲ ಆಮೇಲಿನ ಮಾತು ಎಂಬುದು ತಾನಾಗಿ ತಿಳಿಯುತ್ತದೆ. ಮೈಸೂರಿಗೆ ಬಂದ ಹೊಸತರಲ್ಲಿ ನಾವೂ ಅಲ್ಲಿಗೆ ಹೋಗಿ ಕುಳಿತು ಬಂದಿದ್ದೆವು. ನಮ್ಮದು ಸಿ.ಎಸ್.ಐ. (ಪ್ರೊಟೆಸ್ಟೆಂಟರ ದಕ್ಷಿಣ ಭಾರತ ಸಭೆ) ಮನೆತನವಾದರೂ ದೇವರ ಮುಂದೆ ಮೌನವಾಗಿ ಕೂರಲು ಅದು ಅಡ್ಡಿಯಾಗಲಿಲ್ಲ.

ಕಥೋಲಿಕರಿಗೆ ಈ ಹುಡುಕಾಟ ಒಂದು ರೀತಿಯಲ್ಲಿ ಸುಲಭ. ಅವರ ವ್ಯವಸ್ಥೆಯಲ್ಲಿ ಧರ್ಮಕೇಂದ್ರಕ್ಕೆ ಗಡಿ ಇರುತ್ತದೆ. ಯಾವ ಬಡಾವಣೆಯಲ್ಲಿ ಮನೆ ಮಾಡಿದ್ದೀರೋ ಆ ಬಡಾವಣೆ ಸೇರುವ ಧರ್ಮಕೇಂದ್ರವೇ ಸಾಮಾನ್ಯವಾಗಿ ನಿಮ್ಮದು. ನಮ್ಮ ಪಕ್ಕದ ಮನೆಯವರು ಕೊಡಗಿನಿಂದ ಬಂದ ಕಥೋಲಿಕರು. ಅವರು ಬಂದ ಹೊಸತರಲ್ಲೇ ಗುರುಗಳನ್ನು ಕಂಡು ಹೆಸರು ಬರೆಸಿದರು, ಗುರುಗಳು ಬಂದು ಮನೆ ಮಂತ್ರಿಸಿ ಹೋದರು, ಅಲ್ಲಿಗೆ ಅವರ ಕೆಲಸ ಮುಗಿದಿತ್ತು. ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಜಿಲ್ಲೆಗಳೆಲ್ಲ ಮೈಸೂರು ಧರ್ಮಕ್ಷೇತ್ರಕ್ಕೇ (ಒಬ್ಬ ಬಿಷಪರ ಆಡಳಿತದ ಪ್ರದೇಶಕ್ಕೆ) ಸೇರಿರುವುದರಿಂದ ಅವರಿಗೆ ಬಿಷಪರೂ ಬದಲಾಗಲಿಲ್ಲ. ಆದರೆ ಕೇರಳ ಮೂಲದ ಸಿರೋ ಮಲಬಾರ್ ಕುಟುಂಬಗಳ ವಿಷಯ ಬೇರೆ. ಅವರ ಪೂಜಾವಿಧಿ ಬೇರೆ, ಅವರಿಗೆಂದೇ 2010ರಲ್ಲಿ ಮಂಡ್ಯದ ಹೆಸರಿನಲ್ಲಿ ಪ್ರತ್ಯೇಕ ಧರ್ಮಕ್ಷೇತ್ರವೂ ಸ್ಥಾಪನೆಯಾಗಿದೆ. ಹಾಗಾಗಿ ಒಂದೇ ಬೀದಿಯಲ್ಲಿ ವಾಸಿಸುವ ಇಬ್ಬರು ಕಥೋಲಿಕರು ಇಬ್ಬರು ಬೇರೆ ಬೇರೆ ಬಿಷಪರ ಅಧೀನದಲ್ಲಿರುವುದು ಇಲ್ಲಿ ಸಾಧ್ಯ. ಹೊಸದಾಗಿ ಬಂದವರು ವಿಚಾರಿಸುವಾಗ ಬರಿದೇ ಕಥೋಲಿಕ ಚರ್ಚ್ ಎಲ್ಲಿದೆ ಎಂದು ಕೇಳದೆ, ತಮ್ಮ ಪೂಜಾವಿಧಿ ಯಾವುದೆಂದೂ ತಿಳಿಸಿ ಕೇಳುವುದು ಒಳ್ಳೆಯದು.

ನಮ್ಮಂಥ ಸಿ.ಎಸ್.ಐ. ಕುಟುಂಬಗಳಿಗೆ ಗಡಿಯ ಕಟ್ಟು ಅಷ್ಟು ಬಿಗಿಯಾಗಿಲ್ಲ, ಆದ್ದರಿಂದಲೇ ಗೊಂದಲ ಹೆಚ್ಚು. ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಒಂದಾಗಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. ಹೆಸರು ಒಂದಾದರೂ ಪ್ರತಿಯೊಂದು ಸಭೆಗೂ ಅದರ ಹಿಂದಿನ ಮನೆಯ ವಾಸನೆ ಉಳಿದಿರುತ್ತದೆ, ಮೈಸೂರಿನಲ್ಲಿ ಅದು ಸ್ಪಷ್ಟವಾಗಿಯೇ ಕಾಣುತ್ತದೆ. ಸಬರ್ಬನ್ ಬಸ್ ನಿಲ್ದಾಣದ ಬಳಿಯ ಸಂತ ಬಾರ್ತಲೋಮಿಯೊ ಚರ್ಚ್ 1830ರ ದಶಕದ್ದು, ಬ್ರಿಟಿಷರ ಕಾಲದ ಆಂಗ್ಲಿಕನ್ ಆರಾಧನೆಯ ಗಾಂಭೀರ್ಯ ಅದರ ಕಲ್ಲು, ಮರ, ಕಿಟಕಿಗಳಲ್ಲೆಲ್ಲ ಇದೆ. ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯವರ ಹೆಸರು ಹೊತ್ತ ವೆಸ್ಲಿ ಕೆಥೆಡ್ರಲ್ಲಿನ ಹೆಸರೇ ಅದರ ಮೆಥೊಡಿಸ್ಟ್ ಮೂಲವನ್ನು ಹೇಳುತ್ತದೆ. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನವರು ಶಾಲೆ, ಅಚ್ಚುಕೂಟ, ಆಸ್ಪತ್ರೆಗಳನ್ನು ನಡೆಸಿದವರು. 1887ರಿಂದ ಕನ್ನಡದಲ್ಲಿ ‘ವೃತ್ತಾಂತ ಪತ್ರಿಕೆ’ಯನ್ನು ಹೊರತಂದವರು. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಶುರುವಾದದ್ದೂ ಅವರಿಂದಲೇ. ಹಾಸನದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತರಾದ ನನ್ನ ಅತ್ತೆಯವರಿಗೆ ಈ ಹೆಸರುಗಳೆಲ್ಲ ನೆಂಟರ ಹೆಸರುಗಳಿದ್ದಂತೆ.

ಇಷ್ಟೆಲ್ಲ ಇದ್ದೂ ನಮಗೆ ತೀರ್ಮಾನ ಕಷ್ಟವಾಗಿದ್ದು ಭಾಷೆಯಿಂದ. ಅತ್ತೆಯವರು ಕನ್ನಡದಲ್ಲಿ ಮಾತ್ರ ಪ್ರಾರ್ಥಿಸಬಲ್ಲರು. ಅವರಿಗೆ ಇಂಗ್ಲಿಷ್ ಬರುತ್ತದೆ, ಆಸ್ಪತ್ರೆಯ ವರದಿಗಳನ್ನೆಲ್ಲ ಅದರಲ್ಲೇ ಬರೆಯುತ್ತಿದ್ದರು. ಆದರೆ ಸತ್ಯವೇದದ, ಅಂದರೆ ಬೈಬಲಿನ, ಕೀರ್ತನೆಗಳನ್ನು ಬಾಯಿಪಾಠ ಮಾಡಿದ್ದು ಕನ್ನಡದಲ್ಲಿ, ಮಾವನವರನ್ನು ಮಣ್ಣು ಮಾಡಿದ ದಿನ ಹಾಡಿದ್ದು ಕನ್ನಡದಲ್ಲಿ. ಎಂಟನೆಯ ತರಗತಿಯ ಮಗಳಿಗೆ ಸತ್ಯವೇದದ ಹಳೆಯ ಕನ್ನಡ ಓದಲು ತಿಣುಕಾಟ, ಅವಳ ಸ್ನೇಹಿತೆಯರು ಹೋಗುವುದು ಇಂಗ್ಲಿಷ್ ಆರಾಧನೆಗೆ. ಎಲ್ಲರಿಗೂ ಒಪ್ಪುವ ಜಾಗ ಸಿಗುವವರೆಗೆ ಮನೆಮಂದಿ ಎರಡು ಕಡೆ ಹಂಚಿಹೋಗುವುದು ನನಗೆ ಇಷ್ಟವಿರಲಿಲ್ಲ. ಇಂಥ ಮನೆಗಳಲ್ಲಿ ಎಲ್ಲಕ್ಕಿಂತ ವಯಸ್ಸಾದವರ ಭಾಷೆಗೆ ಮೊದಲ ಮಣೆ ಹಾಕಬೇಕೆಂಬುದು ನನ್ನ ದೃಢ ಅಭಿಪ್ರಾಯ. ಮಕ್ಕಳು ಭಾಷೆ ಕಲಿಯಬಲ್ಲರು, ಕಲಿಯಲು ಅವರಿಗೆ ವರ್ಷಗಳಿವೆ. ಎಪ್ಪತ್ತು ದಾಟಿದವರಿಗೆ ಹೊಸ ಭಾಷೆಯಲ್ಲಿ ದೇವರೊಡನೆ ಮಾತಾಡಲು ಹೇಳುವುದು ಕ್ರೌರ್ಯವೇ ಸರಿ.

ಮೊದಲ ತಿಂಗಳುಗಳಲ್ಲಿ ನಾವು ಹೋಗುತ್ತಿದ್ದದ್ದು ಊರ ನಡುವಿನ ಒಂದು ದೊಡ್ಡ ಸಭೆಗೆ. ಅಲ್ಲಿನ ಸಭಾಪಾಲಕರ (ಪಾಸ್ಟರ್) ಪ್ರಸಂಗವನ್ನು, ಅಂದರೆ ಪ್ರವಚನವನ್ನು, ನಾನು ಇಂದಿಗೂ ನೆನೆಯುತ್ತೇನೆ. ಸತ್ಯವೇದದ ವಚನವನ್ನು ಬಿಡಿಸಿ ಹೇಳುವ ಅವರ ಕ್ರಮದಲ್ಲಿ ಓದು ಇತ್ತು, ವಿನಯವೂ ಇತ್ತು. ಗಾನವೃಂದವೂ ಚೆನ್ನಾಗಿತ್ತು. ಆದರೆ ಆರಾಧನೆ ಮುಗಿದ ಮೇಲೆ ಜನ ವಾಹನಗಳತ್ತ ಸರಿದುಬಿಡುತ್ತಿದ್ದರು. ಅತ್ತೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಹಲವು ವಾರ ನಾವು ಹೋಗಲಾಗದಿದ್ದಾಗ ಅದು ಯಾರ ಗಮನಕ್ಕೂ ಬರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ನೂರಾರು ಕುಟುಂಬಗಳಿರುವ ಕಡೆ, ನಗರದ ಇನ್ನೊಂದು ತುದಿಯ ವಿಜಯನಗರದಿಂದ ಬರುವವರ ಮುಖ ನೆನಪಿಟ್ಟುಕೊಳ್ಳುವುದು ಯಾರಿಗಾದರೂ ಕಷ್ಟ. ನಾವೂ ಹೆಸರು ಬರೆಸಿರಲಿಲ್ಲ, ಹಾಸನದ ಸಭೆಯಿಂದ ವರ್ಗಾವಣೆ ಪತ್ರವಿನ್ನೂ ಬಂದಿರಲಿಲ್ಲ.

ಈಗ ಹೋಗುತ್ತಿರುವ ಸಭೆ ಚಿಕ್ಕದು, ಆರಾಧನೆ ಕನ್ನಡದ್ದು, ನಮ್ಮ ಮನೆಯಿಂದ ಆಟೋದಲ್ಲಿ ಹೋಗಬಹುದಾದಷ್ಟು ಹತ್ತಿರ. ಅದನ್ನು ಒಪ್ಪಿಕೊಳ್ಳಲು ಕಾರಣವಾದ ಘಟನೆಯನ್ನು ಹೇಳಬೇಕು. ಸಿ.ಎಸ್.ಐ. ಆರಾಧನಾ ಕ್ರಮದಲ್ಲಿ ಪರಿಶುದ್ಧ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸುವ ವಿಧಿಗೆ) ಮುಂಚೆ ಸಮಾಧಾನ, ಅಂದರೆ ಶಾಂತಿಯ ಹಾರೈಕೆ, ಹಂಚುವ ಸಂಪ್ರದಾಯವಿದೆ. ಸಭಾಪಾಲಕರು ಮುಂದಿನ ಸಾಲಿನವರಿಗೆ ಕೊಟ್ಟ ಸಮಾಧಾನ, ಒಬ್ಬರ ಜೋಡಿಸಿದ ಕೈಗಳನ್ನು ಮತ್ತೊಬ್ಬರು ತಮ್ಮ ಎರಡು ಅಂಗೈಗಳ ನಡುವೆ ಹಿಡಿಯುವ ಮೂಲಕ, ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಗುತ್ತದೆ. ಸಿರಿಯನ್ ಪರಂಪರೆಯಿಂದ ಬಂದ ಈ ರೂಢಿ 1950ರಲ್ಲಿ ಬಳಕೆಗೆ ಬಂದ ಆರಾಧನಾ ಕ್ರಮದ ಭಾಗವಾಯಿತು. ಅಂದು ನಾವು ತಡವಾಗಿ ಬಂದು ಕೊನೆಯ ಬೆಂಚಿನಲ್ಲಿ ಕುಳಿತಿದ್ದೆವು. ನಮ್ಮ ಮುಂದಿನ ಎರಡು ಬೆಂಚುಗಳು ಖಾಲಿಯಾಗಿದ್ದವು. ಸಮಾಧಾನ ಆ ಖಾಲಿ ಬೆಂಚುಗಳವರೆಗೆ ಬಂದು ನಿಂತಿತು. ಆಗ ಬಿಳಿ ಸೀರೆ ಉಟ್ಟ ವಯಸ್ಸಾದ ಹೆಂಗಸೊಬ್ಬರು ಬೆಂಚಿನ ಅಂಚು ಹಿಡಿದು ಎದ್ದು, ನಿಧಾನವಾಗಿ ನಡೆದು ಬಂದು, ಅತ್ತೆಯವರ ಕೈಗಳನ್ನು ಹಿಡಿದುಕೊಂಡರು. ಕೈ ಬಿಡುವ ಮುಂಚೆಯೇ ಮೆಲ್ಲಗೆ ಕೇಳಿದರು: ‘ಯಾವೂರಿಂದ ಬಂದಿದ್ದೀರಮ್ಮಾ? ಮನೆ ಎಲ್ಲಿ ಮಾಡಿದ್ದೀರಿ?’ ಅತ್ತೆಯವರು ಹಾಸನ ಎಂದರು, ಆಸ್ಪತ್ರೆಯ ಹೆಸರು ಹೇಳಿದರು. ಆ ಹೆಂಗಸಿನ ತಂಗಿ ಅದೇ ಆಸ್ಪತ್ರೆಯಲ್ಲಿ ತರಬೇತಿ ಪಡೆದವರಂತೆ. ಆ ವಾರವೇ ಅವರು ಸಭಾಪಾಲಕರನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದರು.

ಪ್ರಸಂಗದ ಮಟ್ಟದಲ್ಲಿ ಈ ಸಭೆ ಆ ದೊಡ್ಡ ಸಭೆಗೆ ಸಮನಲ್ಲ ಎಂಬುದು ನಿಜ. ಹಾರ್ಮೋನಿಯಂ ನುಡಿಸುವವರು ಊರಲ್ಲಿಲ್ಲದ ವಾರ ಹಾಡು ಎಳೆದೆಳೆದು ಸಾಗುತ್ತದೆ. ಆದರೂ ವಾರದ ಮಧ್ಯೆ ಸರದಿಯ ಮೇಲೆ ಒಂದೊಂದು ಮನೆಯಲ್ಲಿ ನಡೆಯುವ ಪ್ರಾರ್ಥನಾ ಕೂಟದಲ್ಲಿ ಯಾರ ಮಗನಿಗೆ ಕೆಲಸ ಹೋಗಿದೆ, ಯಾರ ಮನೆಯಲ್ಲಿ ಬಾಣಂತನ ನಡೆಯುತ್ತಿದೆ ಎಂಬುದೆಲ್ಲ ಹೆಸರು ಹಿಡಿದು ಪ್ರಾರ್ಥನೆಗೆ ಬರುತ್ತದೆ. ಅತ್ತೆಯವರಿಗೆ ಎರಡನೆಯ ಕಣ್ಣಿನ ಶಸ್ತ್ರಚಿಕಿತ್ಸೆಯಾದಾಗ ಸ್ತ್ರೀಯರ ಸಂಘದವರು ಸರದಿ ಹಾಕಿಕೊಂಡು ಮಧ್ಯಾಹ್ನ ಬಂದು, ಅವರ ಪಕ್ಕದಲ್ಲಿ ಕುಳಿತು ಕೀರ್ತನೆ ಓದಿ ಹೇಳಿದರು. ನಾನು ಕೆಲಸಕ್ಕೆ ಹೋಗುವವಳು. ಆ ಮಧ್ಯಾಹ್ನಗಳು ನನಗೆ ಎಷ್ಟು ದೊಡ್ಡ ಉಪಕಾರವಾಗಿದ್ದವು ಎಂಬುದನ್ನು ಇಲ್ಲಿ ಬರೆಯದೆ ಇರಲಾರೆ.

ಇದರ ನಡುವೆ ಸ್ವತಂತ್ರ ಸಭೆಗಳಿಂದಲೂ ಕರೆ ಬಂದಿತ್ತು. ಹೊಸ ಬಡಾವಣೆಗಳಲ್ಲಿ ಬಾಡಿಗೆಯ ಸಭಾಂಗಣಗಳಲ್ಲಿ, ಅಂಗಡಿಗಳ ಮೇಲಂತಸ್ತಿನಲ್ಲಿ ಸೇರುವ ಇಂಥ ಸಭೆಗಳಲ್ಲಿ ಹೊಸಬರನ್ನು ಬರಮಾಡಿಕೊಳ್ಳುವ ಆತ್ಮೀಯತೆಯನ್ನು ಹಳೆಯ ಸಭೆಗಳು ನೋಡಿ ಕಲಿಯಬೇಕು. ಸೇರುವ ಮುಂಚೆ ಕೆಲವನ್ನು ಮಾತ್ರ ಸಂಕೋಚವಿಲ್ಲದೆ ಕೇಳಬೇಕು: ಕಾಣಿಕೆಯ ಲೆಕ್ಕವನ್ನು ಯಾರ ಮುಂದೆ ಇಡುತ್ತಾರೆ, ಪಾಸ್ಟರ್ ಯಾರಿಗೆ ಉತ್ತರ ಹೇಳಬೇಕಾದವರು, ಸಾವು ಸಂಭವಿಸಿದರೆ ಮಣ್ಣು ಮಾಡುವುದು ಎಲ್ಲಿ. ಪ್ರಾಮಾಣಿಕ ಪಾಸ್ಟರ್ ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ.

ಕೊನೆಯ ಪ್ರಶ್ನೆಯನ್ನು ಕೇಳಲು ಎಲ್ಲರೂ ಹಿಂಜರಿಯುತ್ತಾರೆ. ಆದರೆ ಸಮಾಧಿಭೂಮಿಯ ಹಕ್ಕು ಬಹುಮಟ್ಟಿಗೆ ಸಭೆಯ ಸದಸ್ಯತ್ವದ ಜೊತೆಗೇ ಬರುವಂಥದ್ದು. ಬೇರೆ ಊರಿನಿಂದ ಬಂದು ಎಲ್ಲಿಯೂ ಹೆಸರು ಬರೆಸದೆ ವರ್ಷಗಟ್ಟಲೆ ಅಲ್ಲಿ ಇಲ್ಲಿ ಆರಾಧನೆಗೆ ಹೋಗುತ್ತಿರುವ ಕುಟುಂಬಗಳಿಗೆ ಇದರ ತೊಡಕು ಗೊತ್ತಾಗುವುದು ಮನೆಯಲ್ಲಿ ದುಃಖ ಬಂದೆರಗಿದ ದಿನ. ಆ ದಿನ ಸಮಿತಿಯವರ ಫೋನ್ ನಂಬರ್ ಹುಡುಕುತ್ತ ಕೂರುವ ಪಾಡು ಯಾರಿಗೂ ಬರಬಾರದು. ಊರು ಬಿಡುವಾಗಲೇ ಹಳೆಯ ಸಭೆಯಿಂದ ವರ್ಗಾವಣೆ ಪತ್ರ ಪಡೆಯಬೇಕು. ಮನೆಯವರೆಲ್ಲರ ದೀಕ್ಷಾಸ್ನಾನದ, ದೃಢೀಕರಣದ (ಕನ್ಫರ್ಮೇಶನ್) ಪ್ರಮಾಣಪತ್ರಗಳನ್ನು, ಮದುವೆಯ ಪತ್ರವನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಮಕ್ಕಳ ಮದುವೆಯ ಹೊತ್ತಿಗೂ ಅವೇ ಬೇಕಾಗುತ್ತವೆ. ಹೆಸರು ಸೇರಿದ ಮೇಲೆ ವರ್ಷದ ಚಂದಾ ಬಾಕಿ ಉಳಿಸಿಕೊಳ್ಳಬಾರದು, ಏಕೆಂದರೆ ಸಭಾ ಸಮಿತಿಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕೂ ಅದರ ಮೇಲೆ ನಿಂತಿರುತ್ತದೆ.

ಮಗಳ ವಿಷಯ ಇನ್ನೂ ಪೂರ್ತಿ ಬಗೆಹರಿದಿಲ್ಲ. ತಿಂಗಳಲ್ಲೊಂದು ಭಾನುವಾರ ಅವಳು ಸ್ನೇಹಿತೆಯರ ಜೊತೆ ಇಂಗ್ಲಿಷ್ ಆರಾಧನೆಗೆ ಹೋಗಲಿ ಎಂದು ಒಪ್ಪಿಕೊಂಡಿದ್ದೇವೆ. ಆದರೆ ಸುಗ್ಗಿಯ ಹಬ್ಬದ ದಿನ ಅವಳು ನಮ್ಮ ಸಭೆಯಲ್ಲೇ ಇದ್ದಳು. ತೆಂಗಿನಕಾಯಿ, ಬಾಳೆಗೊನೆ, ಸಿಹಿಗುಂಬಳ, ಮಂಡ್ಯ ಕಡೆಯ ನೆಂಟರು ತಂದ ಕಬ್ಬಿನ ಜಲ್ಲೆ, ಕಾಲು ಕಟ್ಟಿದ ನಾಟಿ ಕೋಳಿ ಎಲ್ಲವೂ ಬಲಿಪೀಠದ ಮುಂದೆ ಬಂದು, ಆರಾಧನೆಯ ನಂತರ ಅಂಗಳದಲ್ಲಿ ಹರಾಜಿಗೆ ನಿಂತವು. ಹರಾಜು ಕೂಗುವವರ ಪಕ್ಕದಲ್ಲಿ ನಿಂತು ಲೆಕ್ಕ ಬರೆಯುವ ಕೆಲಸವನ್ನು ಯೌವನಸ್ಥರ ಸಂಘದವರು ಅವಳಿಗೆ ಕೊಟ್ಟರು. ಅಂದಿನಿಂದ ಅವಳು ಕನ್ನಡ ಆರಾಧನೆಯ ದಿನಗಳಲ್ಲಿ ಗೊಣಗುವುದನ್ನು ಕಡಿಮೆ ಮಾಡಿದ್ದಾಳೆ.

ಮೈಸೂರು, ಮಂಡ್ಯಗಳ ಸಭೆಗಳ ಹಿರಿಯರಲ್ಲಿ ನನ್ನದೊಂದು ವಿನಂತಿ ಇದೆ. ಗೇಟಿನ ಬಳಿ ಇರುವ ಫಲಕಗಳಲ್ಲಿ ಆರಾಧನೆಯ ಸಮಯವಿರುತ್ತದೆ. ಯಾವ ಹೊತ್ತಿನದು ಯಾವ ಭಾಷೆಯಲ್ಲಿ ಎಂಬುದು ಬಹಳ ಕಡೆ ಇರುವುದಿಲ್ಲ, ಇದ್ದರೂ ಬಣ್ಣ ಮಾಸಿ ಓದಲು ಬರುವುದಿಲ್ಲ. ಕೈಗಾರಿಕಾ ಪ್ರದೇಶದ ಕೆಲಸಕ್ಕೆಂದು ಹೆಬ್ಬಾಳ, ಹೂಟಗಳ್ಳಿಗಳ ಕಡೆ ಹೊಸದಾಗಿ ಬಂದ ಕುಟುಂಬಗಳು ಆ ಫಲಕವನ್ನೇ ನೋಡಿಕೊಂಡು ಬರುತ್ತವೆ. ಸಮಯದ ಪಕ್ಕದಲ್ಲಿ ಭಾಷೆಯನ್ನು ಬರೆಸಿ, ಹೊಸಬರು ಯಾರನ್ನು ಕಾಣಬೇಕೆಂಬುದನ್ನೂ ಅದರ ಕೆಳಗೆ ಸೇರಿಸಿ. ಆರಾಧನೆ ಮುಗಿದ ಮೇಲೆ ಆ ವ್ಯಕ್ತಿ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತಿರುವಂತೆ ಸಮಿತಿಯಲ್ಲಿ ಒಂದು ವ್ಯವಸ್ಥೆ ಮಾಡಿ.