ರೀಲ್‌ಗೆ ಸಿಗದ ಕಂಡಿಕೆ

ವಿಜಯಪುರದಲ್ಲಿ ಪತ್ರಿಕೋದ್ಯಮ ಓದುತ್ತಿರುವ ನಮಗೆ, ಒಂದೇ ವಿಷಯವನ್ನು ಕಿರು ಸಾಕ್ಷ್ಯಚಿತ್ರವಾಗಿಯೂ ರೀಲ್ ಆಗಿಯೂ ತಯಾರಿಸಬೇಕೆಂಬ ಕೆಲಸವನ್ನು ಈ ಸಲ ಕೊಟ್ಟಿದ್ದರು. ಗೆಳತಿಯ ಸೋದರಮಾವನ ಮನೆಯಲ್ಲಿ ಕುಣಿಮಗ್ಗ, ಅಂದರೆ ನೆಲದ ಗುಂಡಿಯ ಮೇಲೆ ಕೂರಿಸಿದ ಕೈಮಗ್ಗ, ಇದ್ದುದರಿಂದ ನಾನು ಇಳಕಲ್ ಸೀರೆಯನ್ನು ಆರಿಸಿಕೊಂಡೆ. ದೊಡ್ಡದನ್ನು ಮಾಡಿಕೊಂಡ ಮೇಲೆ ಅದರಲ್ಲಿಯೇ ಕತ್ತರಿಸಿ ಚಿಕ್ಕದನ್ನು ಮಾಡಬಹುದು ಎಂಬುದು ನಮ್ಮ ತಂಡದ ಬಹುತೇಕರ ಲೆಕ್ಕಾಚಾರವಾಗಿತ್ತು. ಆದರೆ ಚೌಕಟ್ಟಿನ ಆಕಾರ ಮತ್ತು ಅವಧಿ ಸಂಕಲನದ ಕೊನೆಯಲ್ಲಿ ತೀರ್ಮಾನಿಸುವ ಸಂಗತಿಗಳಲ್ಲ, ಯಾರ ಕಥೆಯನ್ನು ಹೇಳುತ್ತೇವೆ ಎಂಬುದನ್ನೇ ಅವು ಮೊದಲು ತೀರ್ಮಾನಿಸಿಬಿಡುತ್ತವೆ ಎಂಬುದು ಆ ಮನೆಯ ಪಡಸಾಲೆಯಲ್ಲಿ ಕ್ಯಾಮೆರಾ ಇಟ್ಟಾಗಲೇ ತಿಳಿಯತೊಡಗಿತು.

16:9ರ ಅಗಲ ಚೌಕಟ್ಟಿನಲ್ಲಿ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ, ಪೂರ್ಣ ಅಗಲ ಕಾಣುತ್ತದೆ. ಅಡ್ಡ ನೂಲನ್ನು ಒಯ್ಯುವ ಲಾಳಿ ಒಂದು ದಡಿಯಿಂದ ಇನ್ನೊಂದು ದಡಿಗೆ ಹೋಗಿ ಮರಳುವುದನ್ನು ನೋಡುಗರು ಕಣ್ಣಿನಿಂದ ಹಿಂಬಾಲಿಸಬಹುದು. ಫೋನನ್ನು ನೆಟ್ಟಗೆ ಹಿಡಿದು 9:16ರಲ್ಲಿ ಚಿತ್ರೀಕರಿಸಿದರೆ ಅದೇ ಲಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಮಾಯವಾಗುತ್ತದೆ. ಹಾಗೆಂದು ನೆಟ್ಟನೆಯ ಚೌಕಟ್ಟನ್ನು ಹಳಿಯಲಾರೆ. ಕುಣಿಮಗ್ಗದಲ್ಲಿ ನೇಕಾರರು ನೆಲಮಟ್ಟದಲ್ಲಿ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟಿರುತ್ತಾರೆ. ಕೆಳಗೆ ತುಳಿಯುವ ಪಾದ, ನಡುವೆ ಕೈ, ಮೇಲೆ ಮುಖ ಎಂಬ ಈ ಸಾಲು ಅಗಲ ಚೌಕಟ್ಟಿಗೆ ಹೊಂದುವುದಿಲ್ಲ, ನೆಟ್ಟನೆಯದಕ್ಕೆ ಹೇಳಿ ಮಾಡಿಸಿದಂತಿದೆ. ನಮ್ಮ ಪಠ್ಯದಲ್ಲಿ ನೆಟ್ಟನೆಯ ವಿಡಿಯೊವನ್ನು ಬರಿಯ ಅವಸರದ ರೂಪವೆಂಬಂತೆ ವಿವರಿಸಿರುವುದು ನನಗೆ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ.

ನಿಜವಾದ ತೊಡಕು ಅವಧಿಯದು. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದ ಬೆನ್ನಲ್ಲೇ, ಜುಲೈನಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಭಾರತಕ್ಕೆ ಬಂದವು. ಅಂದಿನಿಂದ ಅವಧಿಯ ಮಿತಿ ಸಾಕಷ್ಟು ಸಡಿಲಗೊಂಡಿದ್ದರೂ, ಮೊದಲ ಕೆಲವು ಸೆಕೆಂಡುಗಳಲ್ಲಿ ಹಿಡಿದಿಡದಿದ್ದರೆ ನೋಡುಗರ ಬೆರಳು ಮೇಲಕ್ಕೆ ಸರಿಯುತ್ತದೆ ಎಂಬ ಭಯ ಮಾತ್ರ ಹಾಗೆಯೇ ಉಳಿದಿದೆ. ಆ ಭಯ ಕುಣಿಯುವ ಲಾಳಿಯನ್ನು, ಕೆಂಪು ರೇಷ್ಮೆಯ ಸೆರಗನ್ನು ಆರಿಸುತ್ತದೆ. ಮನೆಯ ಮೂಲೆಯಲ್ಲಿ ಕುಳಿತು ಕಂಡಿಕೆಯನ್ನು, ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿಯನ್ನು, ಸುತ್ತುತ್ತಿದ್ದ ಗೆಳತಿಯ ಅತ್ತೆಯನ್ನು ಅದು ಆರಿಸುವುದಿಲ್ಲ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ವಿಧಾನವೇ ಇಳಕಲ್ ಸೀರೆಯ ವೈಶಿಷ್ಟ್ಯ. ಆದರೆ ಅದು ಬಹಳ ನಿಧಾನದ ಕೆಲಸವಾದ್ದರಿಂದ ರೀಲ್‌ನಲ್ಲಿ ವೇಗ ಹೆಚ್ಚಿಸಿ ತೋರಿಸುತ್ತಾರೆ, ಇಲ್ಲವೇ ಬಿಟ್ಟುಬಿಡುತ್ತಾರೆ. ಹೀಗೆ ಒಂದು ಮನೆಯವರೆಲ್ಲ ಸೇರಿ ಮಾಡುವ ದುಡಿಮೆ, ಮಗ್ಗದ ಮುಂದೆ ಕುಳಿತ ಒಬ್ಬ ಗಂಡಸಿನ ಕೌಶಲವಾಗಿ ಪರದೆಯ ಮೇಲೆ ಉಳಿಯುತ್ತದೆ. ಕಂಡಿಕೆಯತ್ತ ಕ್ಯಾಮೆರಾ ತಿರುಗಿಸಿದಾಗ ಅತ್ತೆಯೇ, “ಇದರಾಗ ನೋಡೂದೇನೈತಿ ಯವ್ವಾ, ಮಗ್ಗದ್ದು ತಗೀ” ಎಂದರು. ಅವರ ಫೋನಿಗೆ ಬರುತ್ತಿದ್ದ ನೇಯ್ಗೆಯ ವಿಡಿಯೊಗಳಲ್ಲಿಯೂ ಬರಿಯ ಮಗ್ಗವೇ ಇತ್ತು.

ಆದ್ದರಿಂದ ರೀಲ್ ಅನ್ನು ಸಾಕ್ಷ್ಯಚಿತ್ರದಿಂದ ಕತ್ತರಿಸುವ ಯೋಚನೆಯನ್ನು ಬಿಟ್ಟು, ಕಂಡಿಕೆಯಿಂದಲೇ ಆರಂಭವಾಗುವಂತೆ ಅದಕ್ಕೆ ಬೇರೆಯೇ ದೃಶ್ಯಪಟ್ಟಿಯನ್ನು ಬರೆದುಕೊಂಡೆವು. ಸುತ್ತುವ ಕೈಯ ತೀರ ಸಮೀಪದ ಚಿತ್ರ, ಅದರ ಹಿಂದೆ ಮಗ್ಗದ ಸದ್ದು ಮಾತ್ರ. ಆ ಸದ್ದು ಎಲ್ಲಿಂದ ಬರುತ್ತಿದೆ ಎಂಬ ಕುತೂಹಲವೇ ನೋಡುಗರನ್ನು ಮುಂದಕ್ಕೆ ಕರೆದೊಯ್ಯಲಿ ಎಂಬುದು ನಮ್ಮ ಉದ್ದೇಶವಾಗಿತ್ತು. ಇಲ್ಲಿ ಫೋನಿನ ತಂತ್ರಜ್ಞಾನ ಸ್ವಲ್ಪ ಕಾಡಿತು. ಮಾತು ಸ್ಪಷ್ಟವಾಗಲೆಂದು ಅಳವಡಿಸಿರುವ ಶಬ್ದ ತಗ್ಗಿಸುವ ಸೌಲಭ್ಯ ಮಗ್ಗದ ಸದ್ದನ್ನು ಗದ್ದಲವೆಂದೇ ಭಾವಿಸಿ ಅಳಿಸಿಹಾಕುತ್ತಿದ್ದುದರಿಂದ ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ ಮುದ್ರಿಸಿಕೊಳ್ಳಬೇಕಾಯಿತು. ಫೋನುಗಳು ಸಾಮಾನ್ಯವಾಗಿ ಫ್ರೇಮುಗಳನ್ನು ಏಕಪ್ರಕಾರದ ವೇಗದಲ್ಲಿ ದಾಖಲಿಸುವುದಿಲ್ಲವಾದ್ದರಿಂದ, ಉದ್ದನೆಯ ಸಂದರ್ಶನಗಳಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಸಂಕಲನಕ್ಕೆ ಮೊದಲೇ ಕಡತವನ್ನು ಸ್ಥಿರ ವೇಗಕ್ಕೆ ಪರಿವರ್ತಿಸಿಕೊಳ್ಳುವುದು ಒಳ್ಳೆಯದು. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಜ್ ಆಗಿರುವುದರಿಂದ ಟ್ಯೂಬ್‌ಲೈಟಿನ ಮಿನುಗು ಕಾಣದಿರಲು ಷಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಹೊಂದಿಸಬೇಕು.

ಸಂಕಲನ ಮುಗಿದ ಮೇಲೆ ಎರಡನ್ನೂ ಆ ಮನೆಯವರಿಗೆ ಕಳುಹಿಸಿದೆವು. ಮಾವನವರು ಸಾಕ್ಷ್ಯಚಿತ್ರವನ್ನು ಹಾಗೆಯೇ ಒಪ್ಪಿದರು. ರೀಲ್‌ನಲ್ಲಿ ಮಾತ್ರ ಇನ್ನೂ ಮಾರಾಟಕ್ಕೆ ಹೋಗದ ಒಂದು ದಡಿಯ ವಿನ್ಯಾಸ ಸ್ಪಷ್ಟವಾಗಿ ಕಾಣುತ್ತದೆ, ಅದು ಎಲ್ಲೆಲ್ಲಿಗೋ ಹಂಚಿಕೆಯಾದರೆ ಪವರ್‌ಲೂಮಿನವರು ಬೇಗ ನಕಲು ಮಾಡುತ್ತಾರೆ ಎಂದು ಆಕ್ಷೇಪಿಸಿದರು. ಹಾಗಾಗಿ ಆ ದೃಶ್ಯವನ್ನು ತೆಗೆದು, ಅದರ ಜಾಗದಲ್ಲಿ ಕೊಂಡಿ ಹಾಕುವುದನ್ನು ವೇಗ ಹೆಚ್ಚಿಸದೆ ಸೇರಿಸಿದ್ದೇವೆ.